ಅವ್ವನ ಹೊಳಿ, ನನ್ನ ಹಳ್ಳ

ತೊಗರಿ ಬ್ಯಾಳಿ ಬೇಯಲಿಲ್ಲಂದ್ರ ನಾವು ಬ್ಯಾಳಿಗಿ ಬೈತೀವಿ, ಇಲ್ಲಾ ಅಂಗಡಿಯವಗ ಬೈತೀವಿ. ನಮ್ಮವ್ವ ನೀರಿಗಿ ಬೈತಾಳ.

2020ರ ಅಕ್ಟೋಬರದಾಗ ಭೀಮಾ ಹೊಳಿ ಬಂದು ತವರಮನ್ಯಾಗ ನೀರು ಹೊಕ್ಕಾಗ ಅವ್ವನ್ನ ನಮ್ಮ ಮನಿಗಿ ಕರ್ಕೊಂಡು ಬಂದಿದ್ವಿ. ಬಂದ ಮರುದಿನಾನೇ ಆಕಿ ಅಡಗಿ ಮನಿಗಿ ಬಂದು, ಕುಕ್ಕರ ಬಾಜೂಕ ಸರಿಸಿ, ಬೋಗುಣ್ಯಾಗ ಬ್ಯಾಳಿ ಇಟ್ಲು. ನಮ್ಮದು ಬೋರಿನ ನೀರು. ತಾಸಾಯ್ತು, ಬ್ಯಾಳಿ ಹಂಗೇ ಇಡೀಕ ಇಡೀ ಕುಂತಾವ. ಸೌಟಿನ ಬೆನ್ನಿಲೆ ಒತ್ತಿ ನೋಡಿದ್ಲು, ನನ್ನ ಕಡಿ ನೋಡಿದ್ಲು. "ಕಲ್ಲಿನ ಹೊಟ್ಟ್ಯಾಗಿಂದ ಬಂದ ನೀರವ್ವ ಇದು. ಇದರಾಗ ಬ್ಯಾಳಿ ಹ್ಯಾಂಗ ಬೇಯ್ತದ?" ಅಂದ್ಲು.

ಆಕಿ ಅಂದದ್ದು ಖರೇನೇ ಅದ. ಬೋರಿನ ನೀರಾಗ ಸುಣ್ಣದಂಶ ಭಾಳ ಇರ್ತದ, ನೀರು ಕಾಸೋ ಪಾತೇಲಿ ಒಳಗ ಬೆಳ್ಳಗ ಪದರ ಕಟ್ತದಲ್ಲ, ಅದೇ. ಆ ಅಂಶ ಬ್ಯಾಳಿಗಿ ಹತ್ತಿ ಬಿಗಿ ಮಾಡ್ತದ. ಹೊಳಿ ನೀರು ಮಳಿ ನೀರಿನಂಗ ಮೆತ್ತಗ, ಅರ್ಧ ತಾಸಿನ್ಯಾಗ ಬ್ಯಾಳಿ ಬೆಣ್ಣಿ ಆಗ್ತದ. ಇದನ್ನ ಸಾಲಿ ಮುಖ ನೋಡಲಾರದ ನಮ್ಮವ್ವ ನಾಲಿಗಿಲೆ ಕಲ್ತಾಳ.

ನಾ ಸುಮ್ನಿರಲಾರದ, "ನಮ್ಮೂರಿಗೂ ಹೊಳಿ ಅದ ಬಾರವ್ವ, ನಾಳಿ ಒಂದು ಕೊಡ ತರಸ್ತೀನಿ, ಅದರಾಗ ಬೇಸು" ಅಂದೆ. ಸಂಜಿಗಿ ಕರ್ಕೊಂಡು ಹೋಗಿ ಅಮರ್ಜಾ ತೋರಿಸ್ದೆ. ಅವ್ವ ದಂಡಿ ಮ್ಯಾಲ ನಿಂತು ಈ ಕಡಿಯಿಂದ ಆ ಕಡಿ ಒಮ್ಮೆ ಕಣ್ಣಾಡಿಸಿ, "ಇದೇನ ಹೊಳಿ? ಹಳ್ಳ" ಅಂದ್ಲು. ಇಪ್ಪತ್ತೊಂಬತ್ತು ವರ್ಷ ಆಗಿತ್ತು ನಾ ಆ ನೀರಾಗ ಹಾಸಿಗಿ ಒಗಿಲತ್ತಿ. ಸಿಟ್ಟು ಬಂತು, ನಗೂನೂ ಬಂತು.

ಗೊತ್ತಿಲ್ಲದವರಿಗಿ ಹೇಳ್ತೀನಿ. ನನ್ನ ತವರು ಜೇವರ್ಗಿ ತಾಲೂಕು, ಭೀಮಾ ದಂಡಿ. ಕೊಟ್ಟದ್ದು ಆಳಂದ ತಾಲೂಕಿಗಿ. ತವರಿಗಿ ಹೋಗೂದಂದ್ರ ಆಳಂದಕ್ಕ ಬಂದು, ಅಲ್ಲಿಂದ ಕಲಬುರಗಿ, ಕಲಬುರಗ್ಯಾಗ ಬಸ್ಸು ಬದಲಿಸಿ ಜೇವರ್ಗಿ ದಾರಿ ಹಿಡದು, ಕಟ್ಟಿಸಂಗಾವಿ ಹತ್ರ ಭೀಮಾ ಬ್ರಿಜ್ ದಾಟಿ, ಆಮ್ಯಾಲ ಟಂಟಂ. ಸಣ್ಣ ಹುಡುಗರನ್ನ ಕಂಕುಳಾಗ ಇಟ್ಕೊಂಡು ಇಡೀ ದಿನದ ದಾರಿ. ಬ್ರಿಜ್ ಮ್ಯಾಲ ಬಸ್ಸು ಬಂದಾಗ ಕಿಡಕ್ಯಾಗಿಂದ ಹೊಳಿಗಿ ನಾಕಾಣಿ ಒಗ್ದು ಕೈ ಮುಗೀತಿದ್ದೆ, ಇನ್ನ ತವರು ಬಂತು ಅಂತ.

ಭೀಮಾ ನೋಡದವರಿಗಿ ಆ ಹೊಳಿ ಹ್ಯಾಂಗದ ಅಂತ ಹೇಳೂದು ಕಷ್ಟ. ಗುಡ್ಡ ಇಲ್ಲ, ಅಡವಿ ಇಲ್ಲ. ಎರಿ ಹೊಲ, ಎರಿ ಹೊಲ, ನಡುವ ಒಂದೆರಡು ಜಾಲಿ ಗಿಡ, ಮತ್ತ ಎರಿ ಹೊಲ. ತೊಗರಿ ಕೊಯ್ದ ಮ್ಯಾಲಂತೂ ಕಣ್ಣು ಹಾಯೂತನಕ ಮನಷ್ಯಾರ ಸುಳಿವಿಲ್ಲ, ಒಂದೂರಿನ ಗುಡಿ ಶಿಖರ ಇನ್ನೊಂದೂರಿಗಿ ಕಾಣಸ್ತದ, ಆದ್ರ ನಡದು ಹೋದ್ರ ಅರ್ಧ ದಿನ. ಹೊಳಿ ಎಲ್ಲಿ ಅಂತ ಹುಡುಕಿದ್ರ ಕಾಣಂಗಿಲ್ಲ. ಹೊಲದಾಗ ಹೊಂಟವರಿಗಿ ಒಮ್ಮಿಂದೊಮ್ಮೆಲೆ ನೆಲ ಹರದಂಗ ಆಗ್ತದ, ಬಗ್ಗಿ ನೋಡಿದ್ರ ಎಷ್ಟೋ ಆಳದಾಗ ನೀರು. ನೆಲ ಸಪಾಟ ಇರೂದಕ್ಕ ಅದಕ್ಕ ಓಡೋ ಅವಸರಿಲ್ಲ. ಆ ಕಡಿ ಬಾಗ್ತದ, ಈ ಕಡಿ ಬಾಗ್ತದ, ಸೀರಿ ಅಂಚು ಗಾಳಿಗಿ ಬಿಟ್ಟಂಗ. ಬ್ಯಾಸಗ್ಯಾಗ ಅಲ್ಲಲ್ಲಿ ಮಡು ಬಿಟ್ಟು ಉಳದದ್ದೆಲ್ಲಾ ಬಂಡಿಗಲ್ಲು.

ಮೊದಲ ಉಸುಕಿತ್ತು. ಎಪ್ಪತ್ತೆರಡರ ಬರದಾಗ ಹೊಳಿ ನಡುವ ಮೊಣಕಾಲುದ್ದ ಉಸುಕು ಕೆದರಿ ವರ್ತಿ ತೋಡಿ, ಚರಿಗಿಲೆ ನೀರು ತುಂಬಿ ತಂದು ನನ್ನ ಬದುಕಿಸಿದೆ ಅಂತ ಅವ್ವ ಇವತ್ತಿಗೂ ಹೇಳ್ತಾಳ. ನಾ ಆಗ ಎದಿ ಹಾಲಿನ ಕೂಸು. ಈಗ ವರ್ತಿ ತೋಡ್ತೀನಂದ್ರ ಎಲ್ಲಿ ತೋಡೂದು? ಉಸುಕೆಲ್ಲಾ ಲಾರಿ ಹತ್ತಿ ಹೋಗ್ಯದ.

ಇನ್ನ ಆ ಅಕ್ಟೋಬರದ ಸುದ್ದಿ. ಆ ವರ್ಷ ಅಧಿಕ ಮಾಸ ಬಂದಿತ್ತು, ನಿಮಗೆಲ್ಲಾ ನೆನಪಿರಬೇಕು, ಕರೋನಾ ಬ್ಯಾರೆ. ಅಧಿಕ ಮಾಸದಾಗ ಅಳಿಯಗ ಊಟಕ್ಕ ಕರೀಬೇಕು ಅಂತ ಅವ್ವ ಕುದೀಲತ್ತಿದ್ಲು, ನಮ್ಮ ಮನಿಯವರು ಈ ರೋಗದಾಗ ಎಲ್ಲಿಗೂ ಬ್ಯಾಡ ಅಂದಿದ್ರು. 13ನೇ ತಾರೀಖು ಕಾಕಿನಾಡದ ಹತ್ರ ಸಮುದ್ರದಾಗಿಂದ ವಾಯುಭಾರ ನೆಲಕ್ಕ ಏರ್ತು. ಅದು ತೆಲಂಗಾಣ ದಾಟಿ ನಮ್ಮ ಮ್ಯಾಲ ಹಾಯ್ದು ಸೊಲ್ಲಾಪುರ ಕಡಿ ಹೋಯ್ತು. ಎರಡು ದಿನ ಬಿಟ್ಟೂ ಬಿಡದಂಗ ಮಳಿ. ನಮ್ಮ ಅಮರ್ಜಾ ಒಂದೇ ರಾತ್ರ್ಯಾಗ ದಂಡಿ ಮುಟ್ಟಿತ್ತು.

ಆಮ್ಯಾಲ ಮಳಿ ನಿಂತು ಬಿಸಲು ಬಿತ್ತು. ನಾವು ತೊಯ್ದ ಕಾಳು ಒಣ ಹಾಕಿದ್ವಿ. ಅಮರ್ಜಾ ಇಳೀತು. ನನಗ ಅನಿಸ್ತು, ಇನ್ನ ಕೆಲಸ ಮುಗೀತು ಅಂತ. ಅವ್ವಗ ಫೋನ್ ಹಚ್ಚಿ, "ಬಿಸಲು ಬಿದ್ದದಲ್ಲ, ಇನ್ನೇನ ಅಂಜಿಕಿಲ್ಲ" ಅಂದೆ. ಆಕಿ ಅಂದ್ಲು, "ನಿಮ್ಮ ಹೊಳಿ ಇಳದಿರಬೇಕು. ನಮ್ಮದು ಇನ್ನ ಬರೂದದ."

ಇದು ನನಗ ಅಲ್ಲೀತನಕ ತಿಳದೇ ಇದ್ದಿದ್ದಿಲ್ಲ ನೋಡ್ರಿ. ಹೊಳಿ ದಂಡಿ ಮ್ಯಾಲ ಹುಟ್ಟೀನಿ, ಆದ್ರ ಲಗ್ನ ಆಗಿ ಹಳ್ಳದ ಲೆಕ್ಕಕ್ಕ ಹೊಂದ್ಕೊಂಡಿದ್ದೆ. ಹಳ್ಳದ ಲೆಕ್ಕ ಸೀದಾ, ಇಲ್ಲಿ ಮಳಿ ಆದ್ರ ಇಲ್ಲಿ ನೀರು, ಇಲ್ಲಿ ಬಿಸಲು ಬಿದ್ರ ಇಳೀತು. ಭೀಮಾದ ಲೆಕ್ಕ ಹಂಗಲ್ಲ. ಅದು ಬ್ಯಾರೇದವರ ಮಳಿ. ನಮ್ಮ ಮುಗಿಲಾಗ ಒಂದು ಹನಿ ಮಾಡ ಇಲ್ಲದಾಗ, ರಣರಣ ಬಿಸಲಾಗ ಹೊಳಿ ಸದ್ದಿಲ್ಲದಂಗ ಏರ್ತದ. ಒಂದೊಂದು ವರ್ಷ ನಮ್ಮಲ್ಲಿ ಹದಾ ಮಳಿ ಆಗಿ ಹೊಲ ಹಸರಾಗಿದ್ರೂ ಹೊಳಿ ಬಡವಾಗಿ ಬಿದ್ದಿರ್ತದ, ಯಾಕಂದ್ರ ಮ್ಯಾಲ ಎಲ್ಲೋ ಮಳಿ ಆಗಿಲ್ಲ. ಆಷಾಢ-ಶ್ರಾವಣದಾಗ ಬರೋ ಹೊಳಿ ಸಹ್ಯಾದ್ರಿ ಮಳೀದು. ಆ ಗುಡ್ಡ ಗಾಳಿಗಿ ಅಡ್ಡ ನಿಂತು ಇದ್ದ ಮಳೀನೆಲ್ಲಾ ತಾನೇ ತೊಗೋತದ, ನಮ್ಮ ಕಡಿ ಬರೂದ್ರಾಗ ಮಾಡ ಹಗೂರ ಆಗಿರ್ತಾವ. ಆದ್ರ ಆ ವರ್ಷ ಮಳಿ ಉಲ್ಟಾ ಬಂತು. ಮೂಡಲ ಕಡಿಯಿಂದ ಬಂದು, ನಮ್ಮನ್ನ ತೋಯಿಸಿ, ಹೊಳಿ ಎದುರೀಗಿ ಮ್ಯಾಲಕ್ಕ ಹೋಗಿ ಸುರೀತು. ಆ ಸುರದದ್ದೆಲ್ಲಾ ತಿರುಗಿ ನಮ್ಮ ಕಡೀಗೇ ಬಂತು.

17ಕ್ಕ ನವರಾತ್ರಿ ಘಟ್ಟ ಹಾಕೋ ದಿನ. ಅವ್ವ ಹಣಮಪ್ಪನ ಗುಡಿ ಕಟ್ಟಿ ಮ್ಯಾಲ, ಊರ ಮಂದಿ ಎಲ್ಲಾ ಎತ್ತರದ ಸಾಲಿ ಕಡಿ. ದನದ ಹಗ್ಗ ಬಿಚ್ಚಿ ಬಿಟ್ಟಿದ್ರು, ಅವು ತಾವೇ ದಿಬ್ಬ ಏರಿದ್ವು. ಮನ್ಯಾಗ ನಡಾಮಟ ನೀರು ನಿಂತಿತ್ತು. ಹಗೇವಿನ್ಯಾಗ ಒಂದು ವರ್ಷದ ಜ್ವಾಳ ಇತ್ತು. ನೀರು ಇಳದ ಮ್ಯಾಲ ಬಾಯಿ ತಗದ್ರ ಆ ಮುಗ್ಗು ವಾಸನಿ ಓಣಿಗೆಲ್ಲಾ ಹೊಡೀತಿತ್ತು ಅಂತ ತಮ್ಮ ಹೇಳ್ದ. ಅವ್ವನ ಟ್ರಂಕಿನ್ಯಾಗ ನನ್ನ ಲಗ್ನದಾಗ ಆಕಿಗಿ ಬಂದ ಇರಕಲ್ ಸೀರಿ ಇತ್ತು, ಅದರ ಬಣ್ಣ ಬಿಟ್ಟು ಉಳದ ಸೀರಿಗೆಲ್ಲಾ ಹತ್ತಿತ್ತು. ಆಕಿ ಅತ್ತದ್ದು ಜ್ವಾಳಕ್ಕ, ಸೀರಿಗಲ್ಲ.

ಹಿಂಗ ಅವ್ವ ನಮ್ಮ ಮನಿಗಿ ಬಂದದ್ದು.

ಹದಿನಾಕು ತಿಂಗಳು ಇದ್ಲು. ತಾಯಿ ಮನ್ಯಾಗಿದ್ರ ಹಬ್ಬ ಅಂತೀವಿ, ಖರೇ, ಆದ್ರ ಹಬ್ಬ ಹದಿನಾಕು ತಿಂಗಳು ಇರಂಗಿಲ್ಲ. ಮುಂಜಾನಿ ಎದ್ದು ಬಾಗಲಾಗ ಕುಂತು, "ಇಲ್ಲಿ ನೀರಿನ ವಾಸನೀನೇ ಇಲ್ಲ" ಅಂತಿದ್ಲು. ನಮ್ಮ ಸೊಸಿ ಪಾಪ ಏನ ತಪ್ಪಾಯ್ತೋ ಅಂತ ಗಾಬರಿ ಆಗ್ತಿದ್ಲು. ಅಮರ್ಜಾ ನೀರಾಗ ಬ್ಯಾಳಿ ಬೇಯ್ಸಿ ಕೊಟ್ಟೆ. ಬೆಂತು, ಬೇಷ್ ಬೆಂತು. ಆಕಿ ಉಂಡ್ಲು, ಏನೂ ಅನಲಿಲ್ಲ. ಮರುದಿನ ನಮ್ಮ ಮನಿಯವರ ಮುಂದ, "ನಿಮ್ಮ ಹಳ್ಳದ ನೀರು ಅಡ್ಡಿಲ್ಲ" ಅಂದ್ಲಂತ. ನನ್ನ ಮುಂದ ಅನಲಿಲ್ಲ.

ಒಂದಿನ ಕರೆಂಟ್ ಹೋಗಿತ್ತು. ಮೊಮ್ಮಗ ಫೋನಿನ್ಯಾಗ ನಕಾಶಿ ತಗದು ಕುಂತಿದ್ದ. ಅವ್ವ, "ಅದರಾಗ ನಮ್ಮ ಹೊಳಿ ಕಾಣಸ್ತದೇನಪ್ಪ?" ಅಂದ್ಲು. ಅವ ಹೊಳಿ ಹುಟ್ಟೋದ್ರಿಂದ ಹಿಡದ. ಪುಣೆ ಜಿಲ್ಲಾದ ಭೀಮಾಶಂಕರ, ಜ್ಯೋತಿರ್ಲಿಂಗ ಇರೋ ಜಾಗ. ಅಲ್ಲಿಂದ ಬೆರಳಿಲೆ ಹೊಳಿ ಗುಂಟ ಹೊಂಟ್ವಿ. ಪುಣೆಯಿಂದ ಬರೋ ಮುಳಾ-ಮುಠಾ ಕೂಡ್ತು. ಉಜನಿ ಡ್ಯಾಮ್ ಬಂತು, 1980ರಾಗ ಮುಗದದ್ದು, ಅದರ ಹಿನ್ನೀರು ನೋಡಿ ಅವ್ವ, "ಇದೇನ ಸಮುದ್ರ?" ಅಂದ್ಲು. ನೀರಾ ಕೂಡ್ತು. ಪಂಢರಪುರ ಬಂತು. ಅಲ್ಲಿ ಹೊಳಿ ಚಂದ್ರನಂಗ ಬಾಗ್ಯದ, ಅದಕ್ಕೇ ಅಲ್ಲಿ ಚಂದ್ರಭಾಗಾ ಅಂತಾರ. ಅವ್ವ ಫೋನಿಗೇ ಕೈ ಮುಗದ್ಲು. ಕೂಡಲದಾಗ ಸೀನಾ ಕೂಡ್ತು. ಆಮ್ಯಾಲ ನಮ್ಮ ಸೀಮಿ. ಒಂದು ದಂಡಿ ವಿಜಯಪುರ ಜಿಲ್ಲಾ, ಈ ದಂಡಿ ಅಫಜಲಪುರ. ಸೊನ್ನದ ಬ್ಯಾರೇಜು, ಘತ್ತರಗಿ ಭಾಗಮ್ಮನ ಗುಡಿ, ಗಾಣಗಾಪುರ.

ಗಾಣಗಾಪುರಕ್ಕ ಬಂದಾಗ ಮೊಮ್ಮಗ ಬೆರಳು ನಿಲ್ಲಿಸಿ, "ಅಮ್ಮಾ, ಇಲ್ಲಿ ನೋಡು, ನಮ್ಮ ಅಮರ್ಜಾ ಇಲ್ಲಿ ಕೂಡ್ತದ" ಅಂದ. ಹಾಂ, ಸಂಗಮ. ಎಷ್ಟು ಸಲ ಹೋಗೀನಿ ಆ ಸಂಗಮಕ್ಕ, ಜಳಕ ಮಾಡೀನಿ, ದತ್ತನ ಪಾದುಕಿ ದರ್ಶನ ತೊಗೊಂಡೀನಿ. ಭೀಮಾ-ಅಮರ್ಜಾ ಸಂಗಮ ಅಂತ ಬಾಯಿಲೆ ಅಂದೀನಿ. ಆದ್ರ ಅಮರ್ಜಾ ಅಂದ್ರ ನಮ್ಮ ಹಿತ್ತಲ ಹಿಂದಿಂದು, ಭೀಮಾ ಅಂದ್ರ ಅವ್ವನ ಊರ ಮುಂದಿಂದು ಅಂತ ಎರಡೂ ಒಂದೇ ಕಡಿ ಇಟ್ಟು ಯಾವತ್ತೂ ನೋಡಿದ್ದಿಲ್ಲ.

ಅವ ಬೆರಳು ಮುಂದ ಸರಿಸ್ದ. ಸಂಗಮ ದಾಟಿ ಕೆಳಗ, ಬಾಗಿ ಬಾಗಿ, ಜೇವರ್ಗಿ ದಂಡಿ, ನಮ್ಮೂರು. ಹಣಮಪ್ಪನ ಗುಡಿ ಒಂದು ಬಿಳಿ ಚುಕ್ಕಿ.

ಅಂದ್ರ ನಾ ಇಪ್ಪತ್ತೊಂಬತ್ತು ವರ್ಷ ಮೂರು ಬಸ್ಸು ಬದಲಿಸಿ ಹೋದ ಊರಿಗಿ, ನಾ ಹಾಸಿಗಿ ಒಗದ ನೀರು ಯಾವ ಬಸ್ಸೂ ಹತ್ತದಂಗ ಸೀದಾ ಹೋಗ್ತಿತ್ತು. ನಾಗರಪಂಚಮಿಗಿ ಕರೀಲಿಕ್ಕ ಯಾರೂ ಬರಲಾರದ ವರ್ಷ ಹಳ್ಳದ ದಂಡಿ ಮ್ಯಾಲ ಕುಂತು ಅತ್ತೀನಿ ನಾ. ಆ ನೀರು ಎಲ್ಲಿಗಿ ಹೋಗ್ತದ ಅಂತ ಆವಾಗ ಗೊತ್ತಿದ್ರ! ಅವ್ವಗ ಇದನ್ನ ಹೇಳಲಿಕ್ಕ ಹೋದೆ, ಆಕಿ ಆಗಲೇ ಮುಂದ ಹೋಗಿದ್ಲು. ಹೊನಗುಂಟಾದ ಹತ್ರ ಕಾಗಿಣಾ ಕೂಡೂದು, ಆಮ್ಯಾಲ ಸನ್ನತಿ ಚಂದ್ರಲಾಂಬನ ಗುಡಿ, ಯಾದಗಿರಿ, ಕಡೀಕ ಕಡ್ಲೂರಿನ್ಯಾಗ ಕೃಷ್ಣಾ. 861 ಕಿಲೋಮೀಟರ್ ಅಂತ ಮೊಮ್ಮಗ ಓದಿ ಹೇಳ್ದ. "ಇಷ್ಟು ದೂರ ನಡೀತದೇನವ್ವ ಅದು, ಪಾಪ" ಅಂದ್ಲು ಅವ್ವ.

ಅಮರ್ಜಾದ್ದು ಭಾಳ ಹೊತ್ತು ಹಿಡೀಲಿಲ್ಲ. ಆಳಂದ ತಾಲೂಕಿನ ಹೊಲದ ನೀರೇ ಅದು, ನಾಕು ಹಳ್ಳ ಕೂಡಿ ಒಂದು ಹೊಳಿ. ಕೊರಳ್ಳಿ ಹತ್ರ ಡ್ಯಾಮ್ ಕಟ್ಯಾರ, ಒಂದೂವರಿ ಟಿಎಂಸಿ ಚಿಲ್ಲರ ಹಿಡೀತದ. ಉಜನಿ ಮುಂದ ಅದು ಚರಿಗಿ. ಆದ್ರ ಹೆಸರು ನೋಡ್ರಿ ಎಂಥಾದ್ದದ. ಗುರುಚರಿತ್ರೆ ಓದಿದವರಿಗಿ ಗೊತ್ತು. ಜಲಂಧರನ ಕೂಡ ಯುದ್ಧದಾಗ ಸತ್ತ ದೇವತಿಗಳನ್ನ ಬದುಕಿಸ್ಲಿಕ್ಕ ಇಂದ್ರ ಅಮೃತ ಒಯ್ಯೋವಾಗ ಚೂರು ನೆಲಕ್ಕ ಚೆಲ್ತಂತ, ಆ ಚೆಲ್ಲಿದ್ದೇ ಅಮರಜಾ. ಇದನ್ನ ಅವ್ವಗ ಹೇಳ್ದೆ. "ಚೆಲ್ಲಿದ್ದು ಅಂತ ಕಾಣಸ್ತದ ಬಿಡು, ಅದಕ್ಕೇ ಇಷ್ಟೇ ಅದ" ಅಂದ್ಲು. ಆಕಿ ಕೂಡ ಯಾರು ಮಾತಾಡಿ ಗೆಲ್ತಾರ!

ಈ ನಡುವ ತಮ್ಮ ಕಲಬುರಗ್ಯಾಗ ಮನಿ ಮಾಡಿದ್ದ. ಅವ್ವ ಇನ್ನ ಊರಿಗಿ ಬ್ಯಾಡ, ನಮ್ಮ ಕೂಡ ಇರಲಿ ಅಂತ ಅವನ ಹಟ. ಅವನದೂ ಖರೇನೇ. ಎಂಬತ್ತರ ಮುದುಕಿ, ಹೊಳಿ ದಂಡಿ, ರಾತ್ರಿ ನೀರು ಬಂದ್ರ ಯಾರು ಎತ್ಕೊಂಡು ಓಡ್ತಾರ? "ಹೊಳಿ ದಂಡಿ ಮ್ಯಾಲ ಮನಿ ಕಟ್ಟಿದವರೇ ತಿಳಿಗೇಡಿಗಳು" ಅಂತ ಒಮ್ಮೆ ಫೋನಿನ್ಯಾಗ ಅಂದ. ಆ ಮಾತು ಮಾತ್ರ ನನಗ ಸೇರಲಿಲ್ಲ. ಸನ್ನತಿಯಾಗ 1986ರಾಗ ಗುಡಿ ಮಾಳಗಿ ಬಿದ್ದಾಗ ಒಳಗ ಅಶೋಕನ ಕಾಲದ ಶಾಸನ ಸಿಕ್ತಲ್ಲ, ಬಾಜೂಕ ಕನಗನಹಳ್ಳ್ಯಾಗ ಬೌದ್ಧರ ದೊಡ್ಡ ಸ್ತೂಪ, ಅಶೋಕನ ಮೂರ್ತಿ ಕೊರದ ಕಲ್ಲು, ಹೆಸರು ಸೈತ ಬರದದ್ದು. ಎರಡು ಸಾವಿರ ವರ್ಷದಿಂದ ಇದೇ ದಂಡಿ ಮ್ಯಾಲ ಮಂದಿ ಇದ್ದಾರ. ಅವರೆಲ್ಲಾ ತಿಳಿಗೇಡಿಗಳೇನು? ಹೊಳಿ ಬಂದು ಹೋದ ಹೊಲದಾಗ ಆ ವರ್ಷ ಹಿಂಗಾರಿ ಜ್ವಾಳ ಎದಿಮಟ ಬೆಳದಿತ್ತು, ತಮ್ಮನೇ ಫೋಟೋ ಕಳಿಸಿದ್ದ.

ಆದ್ರ ರಾತ್ರಿ ಯಾರು ಎತ್ಕೊಂಡು ಓಡ್ತಾರ ಅನ್ನೋದಕ್ಕ ನನ್ನ ಹತ್ರ ಉತ್ತರ ಇದ್ದಿದ್ದಿಲ್ಲ. ಈಗೂ ಇಲ್ಲ.

2022ರ ಎಳ್ಳ ಅಮಾಸಿ ಜನವರಿ 2ಕ್ಕ ಬಂತು. ನಮ್ಮ ಹೊಲದಾಗ ಚರಗ ಚೆಲ್ಲಿ, ಭಜ್ಜಿ ಸಜ್ಜಿ ರೊಟ್ಟಿ ಉಂಡು ಬಂದ ಮ್ಯಾಲ ಅವ್ವ, "ನನ್ನ ಸಂಗಮಕ್ಕ ಕರ್ಕೊಂಡು ಹೋಗು" ಅಂದ್ಲು. ನಾಕು ದಿನ ಬಿಟ್ಟು ಗಾಡಿ ಮಾಡ್ಕೊಂಡು ಹೋದ್ವಿ. ಥಂಡಿ ದಿನ. ಅಮರ್ಜಾ ಸಣ್ಣಗ, ನಾಚ್ಕೊಂಡ ಸೊಸಿಯಂಗ ಬಂದು ಕೂಡ್ಲತ್ತಿತ್ತು. ಭೀಮಾ ಅಗಲಕ್ಕ, ನಿಂತಂಗ. ಎಲ್ಲಿ ಅದು ಮುಗದು ಇದು ಸುರು ಆಗ್ತದ ಅಂತ ಗೆರಿ ಕಾಣಲಿಲ್ಲ.

ಅವ್ವ ನನ್ನ ರಟ್ಟಿ ಹಿಡದು ಮೆಟ್ಟಲ ಇಳದು ಮೊಣಕಾಲಮಟ ನೀರಾಗ ನಿಂತ್ಲು. ಉಡಿ ತುಂಬೂದು ತಂದಿದ್ಲು, ಖಣ, ಅರಿಷಿಣ ಕುಂಕುಮ, ಕೊಬ್ಬರಿ ಬಟ್ಲ, ಐದು ಮುಷ್ಟಿ ಅಕ್ಕಿ. ಗಂಗವ್ವಗ ಬಿಟ್ಲು. ಬಿಟ್ಟಾದ ಮ್ಯಾಲ ಚೀಲದಾಗಿಂದ ಇನ್ನೊಂದು ಖಣ ತಗದ್ಲು. ಅದು ಅಮರ್ಜಾಗ. "ಹಳ್ಳಕ್ಕ್ಯಾಕ ಉಡಿ?" ಅಂದೆ ನಾ, ಚಾಷ್ಟಿಗಿ. ಆಕಿ ನಗಲಿಲ್ಲ. "ನಿನ್ನ ನೋಡ್ಕೊಂಡದಲ್ಲ" ಅಂದ್ಲು.

ನಾ ಮಾರಿ ತೊಳ್ಕೊಂಡೆ, ಸುಮ್ನ.

ಗಾಡಿ ಹತ್ತೋವಾಗ ಕೇಳಿದ್ಲು, "ಇಲ್ಲಿಂದ ಗಾಡಿ ಊರಿಗಿ ಹೋಗ್ತದೇನು?" ಅಂತ. ಅದಕ್ಕೇ ಬಂದಿದ್ಲು ಅಂತ ನನಗ ಆವಾಗ ತಿಳೀತು. ಅರಿವಿ ಗಂಟೂ ತಂದಿದ್ಲು, ಕಾಲಾಗ ಇಟ್ಕೊಂಡು. ನಮ್ಮ ಮನಿಯವರು ನನ್ನ ಮಾರಿ ನೋಡಿದ್ರು. ತಮ್ಮಗ ಒಂದು ಮಾತು ಕೇಳಬೇಕಿತ್ತು. ಕೇಳಿದ್ರ ಬ್ಯಾಡ ಅಂತಿದ್ದ. ನಾ ಕೇಳಲಿಲ್ಲ. "ನಡೀರಿ" ಅಂದೆ.

ಊರಾಗ ಮನಿ ಗ್ವಾಡಿ ಸುಣ್ಣ ಹಚ್ಚಿ ಬೆಳ್ಳಗ ಮಾಡಿದ್ರು. ಆದ್ರ ನಡಾಮಟ ನೀರು ನಿಂತ ಗೆರಿ ಸುಣ್ಣದಾಗಿಂದ ಮತ್ತ ಎದ್ದು ಕಂದಗ ಕಾಣಸ್ತಿತ್ತು. ಅವ್ವ ಅದರ ಮ್ಯಾಲ ಕೈ ಎಳದ್ಲು, ಒಳಗ ಹೋಗಿ ಒಲಿ ಹಚ್ಚಿದ್ಲು.

ತಮ್ಮ ನನ್ನ ಕೂಡ ಮೂರು ತಿಂಗಳು ಮಾತು ಬಿಟ್ಟ. ನಾಗರಪಂಚಮಿಗಿ ಕರೀಲಿಕ್ಕ ಬಂದ, ಆದ್ರ ಚಾ ಕುಡೀಲಿಲ್ಲ. ಈಗ ಅಡ್ಡಿಲ್ಲ. ವಾರಕ್ಕೊಮ್ಮೆ ತಾನೇ ಹೋಗಿ ನೋಡ್ಕೊಂಡು ಬರ್ತಾನ, ಬಾಜೂ ಮನಿ ಹುಡುಗಗ ರಾತ್ರಿ ಅಲ್ಲೇ ಮಲಗ್ಲಿಕ್ಕ ಹೇಳ್ಯಾನ. ಆದ್ರೂ ಮಳಿಗಾಲ ಬಂತಂದ್ರ ನನ್ನ ನಿದ್ದಿ ಹಾರ್ತದ. ನಮ್ಮೂರ ಮುಗಿಲು ನೋಡಿ ನನಗೇನೂ ತಿಳಿಯಂಗಿಲ್ಲ. ಟಿವ್ಯಾಗ ಪುಣೆ ಮಳಿ ನೋಡ್ತೀನಿ. ಉಜನಿಯಿಂದ ಎಷ್ಟು ನೀರು ಬಿಟ್ರು, ಸೊನ್ನದ ಗೇಟ್ ಎಷ್ಟು ತಗದ್ರು, ನಮ್ಮ ಮನ್ಯಾಗ ಧಾರಾವಾಹಿಗಿಂತ ಇದೇ ಹೆಚ್ಚು. ಸೊಸಿ ನಗ್ತಾಳ, ಅತ್ತಿ ಭೀಮಾಶಂಕರದ ಮಳಿಗಿ ಆಳಂದದಾಗ ಕೊಡಿ ಹಿಡೀತಾಳ ಅಂತ.

ಮೊನ್ನಿ ರಾತ್ರಿ ಸುದ್ದಿಯಾಗ ನೀರು ಬಿಟ್ಟದ್ದು ತೋರಿಸ್ಲತ್ತಿದ್ರು. ಫೋನ್ ಹಚ್ಚಿದೆ.

"ಎಷ್ಟು ಬಂದದ ಅವ್ವ?"

"ಹಣಮಪ್ಪನ ಗುಡಿ ಕೆಳಗಿನ ಎರಡು ಮೆಟ್ಟಲ ಮುಳುಗ್ಯಾವ. ಇನ್ನ ಹನ್ನೊಂದು ಅದಾವ. ಉಂಡೇನು?"

"ಉಂಡೆ. ಏಳನೇ ಮೆಟ್ಟಲಿಗಿ ಬಂದ್ರ ಎದ್ದು ಸಾಲಿ ಕಡಿ ಹೋಗಬೇಕು. ತಮ್ಮಗೂ ಹೇಳೀನಿ, ಗಾಡಿ ತರ್ತಾನ. ಹಟ ಮಾಡಬ್ಯಾಡ."

"ಆಯ್ತವ್ವ, ಏಳಕ್ಕ ಏಳ್ತೀನಿ" ಅಂದ್ಲು. ಚೂರು ತಡದು ಕೇಳಿದ್ಲು, "ನಿಮ್ಮಲ್ಲಿ ಮಳಿ ಆತೇನು? ನಿನ್ನ ಹಳ್ಳ ಬಂದದೇನು?"

"ಇಲ್ಲವ್ವ, ಇನ್ನ ಬಂದಿಲ್ಲ. ಸಣ್ಣಗ ಹರೀಲತ್ತದ."

"ಬಂದ ಮ್ಯಾಲ ಹೇಳು" ಅಂದು ಫೋನ್ ಇಟ್ಲು.